ಕರಗಿದ ಥರ್ಮೋಕೋಲ್ ಗುಡ್ಡ

ಬಾಗಿಲಿಗೆ ಹಚ್ಚುವ ಎಣ್ಣೆಬಣ್ಣದ ವಾಸನೆ ಬಂದರೆ ನನಗೆ ಇಂದಿಗೂ ಮುನವಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ನವಿಲುತೀರ್ಥದ ಅಣೆಕಟ್ಟಿನಲ್ಲಿ ಓವರ್‌ಸಿಯರ್ ಆಗಿದ್ದರು. ಕೀಲಿ ಕೊಟ್ಟರೆ ಓಡುವ ನನ್ನ ಆಟಿಕೆಯ ರೈಲಿಗಾಗಿ, ಹೊಸ ರೇಡಿಯೋದ ಡಬ್ಬಿಯೊಳಗೆ ಬಂದಿದ್ದ ಥರ್ಮೋಕೋಲನ್ನು ಕೊರೆದು ಗುಡ್ಡ ಮಾಡಿದ್ದರು. ಅದರ ಬಿಳಿ ಕಾಳುಗಳು ನನ್ನ ಲಂಗಕ್ಕೆಲ್ಲ ಅಂಟಿಕೊಂಡಿದ್ದವು. ಬಾಗಿಲಿಗೆ ಹಚ್ಚಿ ಉಳಿದಿದ್ದ ಹಸಿರು ಎಣ್ಣೆಬಣ್ಣವನ್ನು ಅಪ್ಪ ಗುಡ್ಡಕ್ಕೆ ಬಳಿದಿದ್ದೇ ತಡ, ಅದು ಚುರುಚುರು ಎನ್ನುತ್ತ ಕರಗಿ ಒಳಗೊಳಗೇ ಕುಸಿಯತೊಡಗಿತು. ನಾನು ಅತ್ತುಬಿಟ್ಟೆ.

ಅವ್ವನ ತಾಯಿ, ನಮ್ಮ ಆಯಿ, ಮೆಂತೆ ಪಲ್ಲೆ ಸೋಸುತ್ತ ಕೂತಿದ್ದವಳು ಬಗ್ಗಿ ನೋಡಿದಳು. ಅವಳ ಊರು ಅದೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು.

“ಅಳಬ್ಯಾಡವ್ವಾ. ನಮ್ಮೂರೂ ಹಿಂಗ ಹೋತು, ಸಾವಕಾಶ. ಮೊದಲ ಹೊಲ, ಆಮ್ಯಾಲೆ ಮನಿ,” ಅಂದಳು.

ಅಪ್ಪ ಕುಂಚ ಕೆಳಗಿಟ್ಟರು. ಆಮೇಲೆ ಗುಡ್ಡ ಕುಸಿದು ಆದ ಗುಂಡಿಯ ಸುತ್ತ ಹಳಿ ಜೋಡಿಸಿದರು. ಕೆರೆ ಮಾಡಲೆಂದು ತಂದಿದ್ದ ನೀಲಿ ಕಾಗದವನ್ನು ಮಡಚಿ ಕಿಸೆಯೊಳಗಿಟ್ಟುಕೊಂಡರು. ಗುಂಡಿಯ ನಡುವೆ ಒಂದು ಖಾಲಿ ಬೆಂಕಿಪೆಟ್ಟಿಗೆಯನ್ನು ನಿಲ್ಲಿಸಿ, ಆಯಿಯ ಕಡೆ ತಿರುಗಿದರು.

“ಅತ್ತಿಯವರ, ನಿಮ್ಮ ಮನಿ ಬಾಗ್ಲಾ ಯಾವ ಕಡೆ ಇತ್ರಿ?”