ರುದ್ರಮುನಿಯ ಎಮ್ಮೆ

ಆ ಊರಿನಲ್ಲಿ ಯಾರ ಕುಡಿತದ ಚಟವಾದರೂ ಪ್ರಾಣಿಯ ರೂಪ ತಾಳಿ ಅವರ ಹಿಂದೆಯೇ ನಡೆದು ಬರುತ್ತಿತ್ತು. ಚಿಕಿತ್ಸೆ ಶುರುವಾದ ಮೇಲೆ ದರ್ಜಿ ರುದ್ರಮುನಿಯದು ಇಳಿದಿಳಿದು ಬೆಕ್ಕಾಗಿತ್ತು. ಭಾವಮೈದುನನ ಮದುವೆಯಲ್ಲಿ ಎರಡು ಗ್ಲಾಸ್ ಏರಿಸಿದ್ದೇ ತಡ, ಬೆಳಗಾಗುವಷ್ಟರಲ್ಲಿ ಎಮ್ಮೆಯಾಗಿ ನಿಂತಿತ್ತು.

ಇನ್ನು ತನ್ನನ್ನು ಸೇರಿಸಿಕೊಳ್ಳುವುದಿಲ್ಲವೆಂದು ಅವನು ಆಸ್ಪತ್ರೆಯ ಮೆಟ್ಟಿಲಲ್ಲೇ ತಲೆ ತಗ್ಗಿಸಿ ನಿಂತ. ಎಮ್ಮೆ ಮಾತ್ರ ಒಳಗೆ ನುಗ್ಗಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಕುಡಿದುಬಿಟ್ಟೆ ಸಿಸ್ಟರ್. ವಾಪಸ್ ಹೋಗ್ತೀನಿ."

"ಈಗ ತಾನೆ ನೀವು ಬರಬೇಕಾದ್ದು? ತಡೀರಿ ಅಣ್ಣ," ಎನ್ನುತ್ತ ಫಿಲೋಮಿನಾ ಸಿಸ್ಟರ್ ಬಾಗಿಲಿನ ಇನ್ನೊಂದು ಕದದ ಚಿಲಕ ತೆಗೆದರು. "ಬರೀ ಬೆಕ್ಕುಗಳಿಗಾದ್ರೆ ಇಷ್ಟು ದೊಡ್ಡ ಬಾಗಿಲು ಯಾಕೆ ಇಡಿಸ್ತಿದ್ವಿ?"

ಒಳಗೆ ಬೆಂಚಿನ ಮೇಲಿದ್ದ ಅಜ್ಜ ತಮ್ಮ ಕೋಳಿಮರಿಯನ್ನು ತೊಡೆಗೆತ್ತಿಕೊಂಡು ಜಾಗ ಮಾಡಿಕೊಟ್ಟರು.

"ಬಾರಪ್ಪಾ, ಕೂತ್ಕೋ. ಹೋದ ವರ್ಷ ಇದು ಆನೆ ಆಗಿತ್ತು."