ಕೆ. ಬಿ.ಗೆ ಮೀಸೆ ಇಲ್ಲ

“ಆ ಕೆ. ಬಿ. ಯಾರು ಅಂತ ನಿಮಗೆ ಗೊತ್ತೈತಿ. ಸುಮ್ನೆ ಹೇಳಿಬಿಡ್ರಿ.”

ಸಂಗಮೇಶ ತನ್ನ ಗಾಳದ ರೀಲನ್ನು ಮೇಜಿನ ಮೇಲೆ ಕುಕ್ಕಿದ. ಶಿರಾಳಕೊಪ್ಪದ ಆ ಹೊಲಿಗೆ ಮಶೀನ್ ರಿಪೇರಿ ಅಂಗಡಿಗೆ ಇನ್ನೂ ಬಡೇಸಾಬರ ಹೆಸರಿನ ಬೋರ್ಡೇ ಇದೆ. ಬಡೇಸಾಬರು ತೀರಿಕೊಂಡು ಆರು ವರ್ಷವಾಯಿತು. ಈಗ ಸ್ಕ್ರೂಡ್ರೈವರ್ ಹಿಡಿದು ಕೂರುವವಳು ಅವರ ಹೆಂಡತಿ. ಹೊನ್ನಾವರದ ಕಡೆ ಹುಟ್ಟಿದವಳಾದ್ದರಿಂದ ಸಮುದ್ರದ ರೀಲುಗಳ ಒಳಗು ಹೊರಗು ಬಲ್ಲಳು. ಸಂಗಮೇಶ ಅವಳನ್ನು ಬೂಬಮ್ಮ ಎನ್ನುತ್ತಿದ್ದ. ಮುಸಲ್ಮಾನರ ಹೆಂಗಸರೆಲ್ಲ ಅವನಿಗೆ ಬೂಬಮ್ಮಂದಿರೇ.

ಶಿಕಾರಿಪುರದಲ್ಲಿ ಸಂಗಮೇಶನಿಗೊಂದು ಪಂಪ್‌ಸೆಟ್ ಅಂಗಡಿ, ಮುಖಕ್ಕೊಂದು ಪೊದೆ ಮೀಸೆ. ಸಮುದ್ರದಲ್ಲಿ ಬಿಡುವ ರೀಲಿಗಿಂತ ಊರಲ್ಲಿ ಅವನು ಬಿಡುವ ರೀಲೇ ಹೆಚ್ಚು. ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಹಾಗಾಗಿ ಹೆಂಡತಿ ವಾಣಿಶ್ರೀಗೆ ಗೋಕರ್ಣದ ದರ್ಶನ ಎಂದು ಹೇಳಿ, ಪಕ್ಕದ ಕಡಲತೀರದ ಗಾಳದ ಪಂದ್ಯಕ್ಕೆ ಹೋಗುತ್ತಾನೆ. ಮೀನು ಹಿಡಿಯುವುದು, ಅಳೆಯುವುದು, ಮತ್ತೆ ನೀರಿಗೆ ಬಿಡುವುದು. ತಿನ್ನುವುದಿಲ್ಲವಲ್ಲ, ಪಾಪವಿಲ್ಲ ಎಂಬುದು ಅವನ ಧರ್ಮಶಾಸ್ತ್ರ.

ಕಳೆದ ಮೂರು ವರ್ಷವೂ ಅವನಿಗೆ ಎರಡನೇ ಸ್ಥಾನ. ಮೈಲಿಗಟ್ಟಲೆ ದಂಡೆಯಲ್ಲಿ ಯಾರು ಎಲ್ಲಿ ನಿಂತಿರುತ್ತಾರೋ ಕಾಣುವುದಿಲ್ಲ. ಗೆದ್ದವರ ಮುಖ ನೋಡಲು ನಿಲ್ಲುವ ದೊಡ್ಡ ಮನಸ್ಸು ಅವನಿಗಿಲ್ಲ. ಕಾರು ಹತ್ತಿ ಹೊರಟಾದ ಮೇಲೆ ಮೊಬೈಲಿಗೆ ಪಟ್ಟಿ ಬರುತ್ತಿತ್ತು: ಪ್ರಥಮ, ಕೆ. ಬಿ., ಶಿರಾಳಕೊಪ್ಪ.

ಅವನು ಬುದ್ಧಿ ಓಡಿಸಿದ. ಹೆಸರು ಮುಚ್ಚಿಡುವವನು ಮನೆಯವರಿಗೆ ಹೆದರುವವನು. ಮೀನು ಹಿಡಿದದ್ದಕ್ಕೆ ಮನೆಯವರಿಗೆ ಹೆದರಬೇಕೆಂದರೆ ಅವನೂ ನಮ್ಮವನೇ. ನಮ್ಮವರಲ್ಲಿ ಕೆ. ಬಿ. ಎಂದರೆ ಕರಿಬಸಪ್ಪ, ಅದರಲ್ಲಿ ಎರಡು ಮಾತಿಲ್ಲ. ಶಿರಾಳಕೊಪ್ಪದಲ್ಲಿ ಮೂವರು ಕರಿಬಸಪ್ಪಂದಿರು ಸಿಕ್ಕರು. ಒಬ್ಬರಿಗೆ ಎಂಬತ್ತು ವರ್ಷ, ಒಬ್ಬನಿಗೆ ಎಂಟು. ಮೂರನೆಯವನು ಸೊರಬದಲ್ಲಿ ಗುಮಾಸ್ತ, ಪ್ರತಿ ಶನಿವಾರ ಉದ್ದನೆಯ ಚೀಲ ಹಿಡಿದು ಬಸ್ಸಿಳಿಯುತ್ತಿದ್ದ. ಇವನೇ, ಎಂದುಕೊಂಡ ಸಂಗಮೇಶ.

“ಗೊತ್ತೈತಿ ರೀ,” ಎಂದಳು ಅವಳು. “ಅವರ ರೀಲಿಗೆ ಸರ್ವೀಸ್ ಮಾಡೋದೂ ನಾನೇ. ಪೂರ್ತಿ ಹೆಸರು ಬರೆಸಿದ್ರೆ ಓಣ್ಯಾಗೆ ಮಾತಾಗ್ತತಿ ಅಂತ ಬರೆಸಲ್ಲ.”

“ಹೇಡಿ. ಎಂಥ ರೀಲು ಅವಂದು?”

ಅವಳು ಮೇಜಿನ ಮೂಲೆಗೆ ಕೈ ತೋರಿಸಿದಳು. ಬಣ್ಣ ಹೋದ ದಪ್ಪನೆಯ ರೀಲು. ಹಿಡಿ ಮುರಿದ ಜಾಗಕ್ಕೆ ದಾರ ಸುತ್ತುವ ಮರದ ರೀಲೊಂದನ್ನು ಸಿಕ್ಕಿಸಲಾಗಿತ್ತು. ಸಂಗಮೇಶ ಹೊಟ್ಟೆ ಹಿಡಿದು ನಕ್ಕ. ಈ ಗುಜರಿಗೆ ತಾನು ಸೋತಿದ್ದೇನೆಂದು ನೆನಪಾದಾಗ ನಗು ನಿಂತಿತು.

“ನಂದಕ್ಕೆ ಚಿನ್ನದ ಬಣ್ಣದ ಹಿಡಿ ಹಾಕ್ರಿ. ಒಳಗಿನ ರಬ್ಬರ್ ಸೀಲ್ ಎಲ್ಲಾ ಕಿತ್ತಾಕ್ರಿ. ಗ್ರೀಸ್ ಬ್ಯಾಡ, ತೆಳ್ಳಗೆ ಎಣ್ಣೆ ಬಿಡ್ರಿ. ಊದಿದ್ರೆ ತಿರುಗ್ಬೇಕು.”

“ತಿರುಗ್ತತಿ ರೀ. ಗಾಳ ದೂರಾನೂ ಹೋಗ್ತತಿ. ಆದ್ರೆ ಸೀಲ್ ಇರೋದು ಉಪ್ಪುನೀರು ಒಳಗೆ ಹೋಗ್ಬಾರ್ದು ಅಂತ. ಬಿಗಿ ಬ್ಯಾಡ ಅಂದ್ರೆ ಬಾಳಿಕೆ ಬಿಡ್ಬೇಕು. ಸೀಲ್ ತೆಗೆದ್ಮೇಲೆ ಪ್ರತಿ ಸಲ ಬಿಚ್ಚಿ, ಸಿಹಿನೀರಾಗೆ ತೊಳೆದು, ಒಣಗಿಸಿ ಎಣ್ಣೆ ಹಾಕ್ಬೇಕು.”

“ತೊಳೆಯೋ ಬಳಿಯೋ ಕೆಲ್ಸ ನಿಮ್ಮಂಥ ಹೆಂಗಸ್ರದು. ಹೇಳಿದಷ್ಟು ಮಾಡ್ರಿ.”

ಅವಳು ಮಾಡಿದಳು. ಅವನ ಕಣ್ಣೆದುರೇ ಸೀಲುಗಳನ್ನು ತೆಗೆದು, ಡಬ್ಬಿಗೆ ಹಾಕಿ, ಡಬ್ಬಿಯನ್ನು ಅವನ ಕೈಗೇ ಕೊಟ್ಟಳು. ಬೇಕಾದರೆ ಪಂದ್ಯಕ್ಕೆ ಮುಂಚೆ ಮತ್ತೆ ಹಾಕಿಕೊಡುತ್ತೇನೆ ಎಂದಳು. ಅವನು ರೀಲನ್ನು ಉಫ್ ಎಂದು ಊದಿದ. ಬುಗುರಿಯ ಹಾಗೆ ತಿರುಗಿತು.

“ಅವನಿಗೆ ಹೇಳ್ರಿ,” ಎಂದು ಮೀಸೆ ತೀಡಿದ. “ಧೈರ್ಯ ಇದ್ರೆ ಈ ಸಲ ಪೂರ್ತಿ ಹೆಸರು ಬರೆಸ್ಲಿ. ನಾನು ಸೋತ್ರೆ ಎಲ್ಲರ ಮುಂದೆ ಅರ್ಧ ಮೀಸೆ ಬೋಳಿಸ್ಕೊಂತೀನಿ. ಅವನು ಸೋತ್ರೆ ಅವನ ಮೀಸೆ.”

“ಹೇಳಿದಂಗೇ ಆತು ಬಿಡ್ರಿ. ಆದ್ರೆ ಅವರಿಗೆ ಮೀಸೆ ಇಲ್ಲ.”

ಸೊರಬದ ಗುಮಾಸ್ತನಿಗೂ ಮೀಸೆ ಇರಲಿಲ್ಲ. ಸಂಗಮೇಶನಿಗೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು.

ಮುಂದಿನ ಎರಡು ಭಾನುವಾರ ಅವನು ಕಡಲಿಗೆ ಹೋಗಿ ಅಭ್ಯಾಸ ಮಾಡಿದ. ಗಾಳ ಹಾರಿ ಹೋಗಿ ಬೀಳುವ ದೂರ ಕಂಡು ತನ್ನ ಬೆನ್ನು ತಾನೇ ತಟ್ಟಿಕೊಂಡ. ರೀಲನ್ನು ತೊಳೆಯಲಿಲ್ಲ. ಹಾಗೇ ಕಾರಿನ ಡಿಕ್ಕಿಗೆ ಎಸೆದ. ಪಂತದ ಸುದ್ದಿಯನ್ನು ಮಾತ್ರ ಶಿಕಾರಿಪುರದ ಹೋಟೆಲು ಹೋಟೆಲಿಗೂ ಮುಟ್ಟಿಸಿದ.

ಪಂದ್ಯದ ದಿನ ಗೆಳೆಯ ಗೋಪಾಲಪ್ಪ ಹೊಸ ಬ್ಲೇಡು, ಸೋಪು ತಂದಿದ್ದ. ಯಾರ ಮೀಸೆಗಾದರೂ ಆಗಲಿ, ಅವನಿಗೆ ಬೇಕಾಗಿದ್ದು ತಮಾಷೆ.

ಹನ್ನೊಂದು ಗಂಟೆಗೆ ಸಂಗಮೇಶನ ಗಾಳಕ್ಕೆ ದೊಡ್ಡ ಮೀನು ಬಿತ್ತು. ಅವನು ಚಿನ್ನದ ಬಣ್ಣದ ಹಿಡಿ ತಿರುಗಿಸಿದ. ಒಳಗೆ ಕರ್ರ್ ಎಂದಿತು. ಇನ್ನೊಂದು ಸುತ್ತಿಗೆ ತುಕ್ಕು ಹಿಡಿದ ಬೇರಿಂಗ್ ಕಚ್ಚಿಕೊಂಡು ನಿಂತೇಬಿಟ್ಟಿತು. ದಾರ ಪಟ್ಟೆಂದು ಹರಿಯಿತು. ಅವನು ರೀಲಿಗೆ ಬೈದ, ಸಮುದ್ರಕ್ಕೆ ಬೈದ, ಬೂಬಮ್ಮನಿಗೆ ಬೈದ. ತನ್ನನ್ನು ಮಾತ್ರ ಬಿಟ್ಟ.

ಎಂದಿನಂತೆ ಕಾರು ಹತ್ತಲು ಹೊರಟವನ ತೋಳನ್ನು ಗೋಪಾಲಪ್ಪ ಹಿಡಿದ. “ಎಲ್ಲಿಗೋ? ಗೆದ್ದವ್ರ ಮುಂದೆ ಕ್ಷೌರ ಆಗ್ಬೇಕಲ್ಲ.”

ಸಂಗಮೇಶ ನಿಂತ. ಹೋಗಲಿ, ಆ ಗುಮಾಸ್ತನ ಗುಟ್ಟಾದರೂ ರಟ್ಟಾಗಲಿ. ಇವತ್ತೇ ಅವನ ಮನೆಗೆ ಫೋನು ಮಾಡುವುದು ಎಂದು ಮೊಬೈಲು ಕೈಗೆ ತೆಗೆದುಕೊಂಡ. ಮೈಕಿನವನು ಕೆಮ್ಮಿದ. ಗುಂಪು ದಾರಿ ಬಿಟ್ಟಿತು. ತಲೆಗಳ ನಡುವೆ ಮೊದಲು ಕಂಡದ್ದು ಬಣ್ಣ ಹೋದ ರೀಲು, ಅದಕ್ಕೆ ಸಿಕ್ಕಿಸಿದ ದಾರದ ಮರದ ರೀಲು.

“ಸತತ ನಾಲ್ಕನೇ ಸಲ ಪ್ರಥಮ, ಈ ಸಲ ಪೂರ್ತಿ ಹೆಸರನ್ನೇ ಓದಿ ಅಂದಿದ್ದಾರೆ: ಶಿರಾಳಕೊಪ್ಪದ ಹೊಲಿಗೆ ಮಶೀನ್ ರಿಪೇರಿಯ ಖುರ್ಷೀದ್ ಬೀ!”