ಏಳು ತಲೆಮಾರಿನ ಶಕ್ತಿ

ಮೈಸೂರಿನ ಗೇಮ್ ಅಂಗಡಿಯಲ್ಲಿ ಫಯಾಜ್ ಹೊಸ ಯಂತ್ರವನ್ನು ತಟ್ಟಿ ಹೇಳಿದ: "ಬೇರೆ ಕಂಪನಿಯದರಲ್ಲಿ ತೀರಿಕೊಂಡೋರಲ್ಲಿ ಮೂರೇ ತಲೆಮಾರಿನೋರು ಆಟಕ್ಕೆ ಬರೋದು ಅಮ್ಮ. ನಮ್ಮದರ ಶಕ್ತಿಗೆ ಏಳು ತಲೆಮಾರೂ ಬಂದು ಕೂರ್ತಾರೆ!"

ಅಲಮೇಲಮ್ಮನಿಗೆ ಬೇಕಾಗಿದ್ದುದು, ಹೋದ ವರ್ಷ ತೀರಿಕೊಂಡ ಯಜಮಾನರೊಡನೆ ಒಂದೇ ಒಂದಾಟ ಚೌಕಾಬಾರ.

"ನಮ್ಮತ್ತೇನೂ ಬರ್ತಾರಾ?"

"ಅವರತ್ತೇನೂ ಬರ್ತಾರೆ!"

"ಅಯ್ಯೋ, ಅಷ್ಟು ಜನರ ಮುಂದೆ ಇವರು ನನ್ನ ಹತ್ರ ಮಾತೇ ಆಡಲ್ಲಪ್ಪ. ಒಬ್ಬರೇ ಬರೋ ಹಳೇದು ಕೊಡು."

ಫಯಾಜ್ ನಗುತ್ತ ಹಳೆಯ ಯಂತ್ರದ ಧೂಳು ಒರೆಸಿ, ಗುಂಡಿ ಒತ್ತಿದ. ಯಜಮಾನರು ಎದುರಿಗೆ ಬಂದು ಕುಳಿತು ಕವಡೆ ಹಾಕಿದರು. ಮೂರು ಬಿತ್ತು, ಕಾಯಿಯನ್ನು ನಾಲ್ಕು ಮನೆ ನಡೆಸಿದರು.

ಅಲಮೇಲಮ್ಮ ದೇವರಿಗೆ ಕೈಮುಗಿದು, ಕಣ್ಣೊರೆಸಿಕೊಂಡು ಗದರಿದರು: "ಈಗಲೂ ಕಳ್ಳಾಟಾನಾ? ಇಡಿ ಕಾಯಿ ಹಿಂದಕ್ಕೆ!"

"ನಿನ್ನ ಕೈಲಿ ಬೈಸ್ಕೊಂಡು ವರ್ಷವಾಯ್ತಲ್ಲೇ, ಅದಕ್ಕೇ" ಎಂದು ಯಜಮಾನರು ನಕ್ಕರು.